ಕೇಳಿಸದ ಯಂತ್ರಕ್ಕೆ ಬರೆದ ಅರ್ಜಿಗಳು

ಆಸ್ಪತ್ರೆಯ ಯಂತ್ರಗಳ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. 'ಸಂಶೋಧನೆಗೆ ಗ್ರಾಂಟ್ ಕೇಳಬೇಕು ಸರ್, ಅರ್ಜಿ ಹೆಂಗೆ ಬರೀಬೇಕು ಹೇಳಿ' ಅನ್ನುತ್ತಾರೆ. ಹಾಲೇಶಪ್ಪನಿಗೆ ಐವತ್ತರ ದಶಕದಿಂದ ಅರ್ಜಿ ಬರೆದು ಅಭ್ಯಾಸ ಅಂತ ಯಾರೋ ಅವರ ಕಿವಿಗೆ ಹಾಕಿರುತ್ತಾರೆ. ನಿಜ, ಬರೆದಿದ್ದೇನೆ. ವಾಪಸು ಬಂದ ಅರ್ಜಿಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಕೂತು ಉಣ್ಣುವುದಕ್ಕೆ ಮಣೆ ಆಗುತ್ತಿತ್ತು. ಮಂಜೂರಾದ ಮೊದಲ ಅರ್ಜಿಯ ವಿಷಯ ಮಾತ್ರ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಬರೆಯುತ್ತೇನೆ. ಓದಿ ಹೆದರಿಕೆಯಾದರೆ ಆಗಲಿ. ಈ ಕೆಲಸಕ್ಕೆ ಬರುವವರಿಗೆ ಸ್ವಲ್ಪ ಹೆದರಿಕೆ ಇರಬೇಕು.

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಒಂದು ಸಣ್ಣ ಧರ್ಮಾಸ್ಪತ್ರೆಗೆ ಟೈಪಿಸ್ಟ್ ಆಗಿ ಸೇರಿದೆ. ಆ ಆಸ್ಪತ್ರೆ ಈಗ ಇಲ್ಲ. ಮೂರು ಕೋಣೆ, ಒಂದು ಉದ್ದನೆಯ ಜಗಲಿ, ಹಿಂದುಗಡೆ ರೋಗಿಗಳ ಮನೆಯವರು ಅಡಿಗೆ ಮಾಡಿಕೊಳ್ಳುವ ಒಂದು ಚಪ್ಪರ, ಇಷ್ಟೇ. ಡಾಕ್ಟರು ವಾಮನರಾಯರು, ಸೊರಬದ ಕಡೆಯವರು, ಗುಡವಿಯ ಹತ್ತಿರದ ಊರು. ಮಾತಿಗೆ ಮೊದಲು 'ಎಂತ ಮಾರಾಯ' ಅನ್ನದಿದ್ದರೆ ಅವರಿಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ. ಮೂಳೆ ಮತ್ತು ಕೀಲುಗಳ ವಿಷಯದಲ್ಲಿ ಅವರಿಗೆ ಹುಚ್ಚು. ಬೆಂಗಳೂರಿನ ಒಬ್ಬ ಯಂತ್ರ ವ್ಯಾಪಾರಿಯನ್ನು ಕಾಡಿ ಬೇಡಿ ಒಂದು ಅಲ್ಟ್ರಾಸೌಂಡ್ ಯಂತ್ರ ತಂದಿದ್ದರು. ಒಂದು ವರ್ಷ ಇಟ್ಟುಕೊಳ್ಳಬಹುದು, ಅಷ್ಟರಲ್ಲಿ ಸಂಶೋಧನಾ ಅನುದಾನ ಬಂದರೆ ಯಂತ್ರ ನಮಗೆ, ಬರದಿದ್ದರೆ ಅವನು ಹೊತ್ತುಕೊಂಡು ಹೋಗುತ್ತಾನೆ. ಇದು ಕರಾರು.

ಈಗಿನವರು ಅಲ್ಟ್ರಾಸೌಂಡ್ ಅಂದರೆ ಬಸುರಿಯರ ಹೊಟ್ಟೆ ನೋಡುವ ಯಂತ್ರ ಎಂದುಕೊಳ್ಳುತ್ತಾರೆ. ನಮ್ಮದು ನೋಡುವ ಯಂತ್ರವಲ್ಲ, ಕೀಲುಗಳಿಗೆ ಒಳಗಿನಿಂದ ಕಾವು ಕೊಡುವ ಯಂತ್ರ. ಬೂದು ಬಣ್ಣದ ಒಂದು ಪೆಟ್ಟಿಗೆ, ಅದರ ಮೇಲೆ ಗೆರೆ ಹಾಕಿದ ಒಂದು ಡಯಲು, ಉದ್ದನೆಯ ವೈರು, ವೈರಿನ ತುದಿಯಲ್ಲಿ ಮುಷ್ಟಿಯಲ್ಲಿ ಹಿಡಿಯುವಂಥ ಒಂದು ಹಿಡಿ. ಹಿಡಿಯ ಮುಖ ಚಪ್ಪಟೆ ಲೋಹ. ರೋಗಿಯ ಭುಜಕ್ಕೋ ಮೊಣಕಾಲಿಗೋ ಎಣ್ಣೆ ಹಚ್ಚಿ ಅದನ್ನು ಮೆಲ್ಲಗೆ ಸುತ್ತಿಸಬೇಕು. ಟೈಪಿಸ್ಟಿಗೆ ಅರ್ಧ ದಿನ ಕೆಲಸವಿರಲಿಲ್ಲವಲ್ಲ, ಹಾಗಾಗಿ ಸುತ್ತಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಆ ಯಂತ್ರ ಶಬ್ದ ಮಾಡುತ್ತದೆ, ಆದರೆ ಆ ಶಬ್ದ ಮನುಷ್ಯರಿಗೆ ಕೇಳಿಸುವುದಿಲ್ಲ ಎಂದು ಡಾಕ್ಟರು ಮೊದಲ ದಿನ ಹೇಳಿದಾಗ ನನಗೆ ನಗು ಬಂತು. ಅವರು ಹಿಡಿಯನ್ನು ಮೇಲ್ಮುಖ ಮಾಡಿ ಅದರ ಮೇಲೆ ಒಂದು ಹನಿ ನೀರು ಬಿಟ್ಟು ಸ್ವಿಚ್ಚು ಒತ್ತಿದರು. ಹನಿ ನಡುಗಿತು. ಆಮೇಲೆ ಎದ್ದು ಕುಣಿಯಿತು. ಮತ್ತೆ ಒಂದು ಗಳಿಗೆಯಲ್ಲಿ ಹೊಗೆಯ ಹಾಗೆ ಆಗಿ ಇಲ್ಲವಾಯಿತು. ಕೋಣೆಯಲ್ಲಿ ಒಂದು ಸೊಳ್ಳೆಯ ಸದ್ದೂ ಇರಲಿಲ್ಲ. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ಪ್ರತಿದಿನ ಈ ಹನಿ ಪರೀಕ್ಷೆ ಮಾಡಬೇಕಿತ್ತು. ಎಷ್ಟು ದಿನ ಮಾಡಿದರೂ ನನಗೆ ಅದು ಅಭ್ಯಾಸವಾಗಲಿಲ್ಲ.

ಇನ್ನೊಂದು ತಾಪತ್ರಯ ಕರೆಂಟಿನದು. ಆಸ್ಪತ್ರೆಯ ಹಿಂದೆ ಎರಡು ಗದ್ದೆ ದಾಟಿದರೆ ಅಕ್ಕಿ ಗಿರಣಿ. ಅದು ಓಡುತ್ತಿದ್ದರೆ ನಮ್ಮ ಬಲ್ಬುಗಳು ಕೆಂಪಗಾಗಿ ಕಣ್ಣು ಮುಚ್ಚುತ್ತಿದ್ದವು, ಯಂತ್ರಕ್ಕೆ ಜೀವವೇ ಬರುತ್ತಿರಲಿಲ್ಲ. ಮಧ್ಯಾಹ್ನ ಗಿರಣಿಯವರು ಊಟಕ್ಕೆ ನಿಲ್ಲಿಸುತ್ತಿದ್ದ ಒಂದೂವರೆ ಗಂಟೆ ನಮ್ಮ ಚಿಕಿತ್ಸೆಯ ಹೊತ್ತು. ಗಿರಣಿ ನಿಂತ ಕೂಡಲೇ ಇಡೀ ಕೇರಿ ಗಕ್ಕನೆ ನಿಶ್ಶಬ್ದವಾಗುತ್ತಿತ್ತು. ಆ ಬಿರುಬಿಸಿಲಿನ ನಿಶ್ಶಬ್ದದಲ್ಲಿ ಕೂತು ನಾನು ಕೇಳಿಸದ ಶಬ್ದವನ್ನು ಜನರ ಮೈಗೆ ಹಚ್ಚುತ್ತಿದ್ದೆ. ಕೆಲವು ರೋಗಿಗಳಿಗೆ ಗುಣವಾಯಿತು. ಕೆಲವರು 'ಎಣ್ಣಿ ನಾವೇ ಹಚ್ಕಂತೀವಿ ಬಿಡ್ರಿ, ಅದಕ್ಕ ಕರೆಂಟ್ ಯಾಕ?' ಎಂದು ಎದ್ದು ಹೋದರು.

ಇನ್ನು ಅರ್ಜಿಗಳ ಪುರಾಣ. ಮೊದಲ ಅರ್ಜಿಯನ್ನು, ಅನುದಾನ ಕೊಡುವ ಬೆಂಗಳೂರಿನ ಕಚೇರಿಯವರು ಆರು ಪ್ರತಿ ಕೇಳಿದ್ದರು. ಕಾರ್ಬನ್ ಹಾಳೆ ಹಾಕಿ ಕುಟ್ಟಿದೆ. ಆರನೆಯ ಪ್ರತಿಯಲ್ಲಿ ಏನಿದೆ ಎಂದು ಬರೆದ ನನಗೇ ಕಾಣುತ್ತಿರಲಿಲ್ಲ. ಆಸ್ಪತ್ರೆಯ ಕಾರ್ಯದರ್ಶಿ ಒಬ್ಬರಿದ್ದರು, ಜವಳಿ ವ್ಯಾಪಾರಿ. ದಾನ ಕೊಟ್ಟ ಎಲ್ಲರ ಹೆಸರೂ ಮೊದಲ ಪುಟದಲ್ಲಿ ಬರಬೇಕೆಂದು ಅವರು ಹಟ ಹಿಡಿದರು. ಬಂತು. ಸಂಶೋಧನೆಯ ವಿಷಯ ನಾಲ್ಕನೇ ಪುಟಕ್ಕೆ ಹೋಯಿತು. ತಿಂಗಳು ಕಳೆದ ಮೇಲೆ ಉತ್ತರ ಬಂತು, 'ನೀವು ಏನು ಕೇಳುತ್ತಿದ್ದೀರಿ ಎಂದು ತಿಳಿಯಲಿಲ್ಲ.'

ಎರಡನೆಯ ಅರ್ಜಿಗೆ, ಯಂತ್ರ ಹಚ್ಚದ ರೋಗಿಗಳ ಜೊತೆ ಹೋಲಿಸಿಲ್ಲ ಎಂದು ಬರೆದರು. ಸರಿ ಎಂದು ಅರ್ಧ ಜನರಿಗೆ ಸ್ವಿಚ್ಚು ಒತ್ತದೆ ಸುಮ್ಮನೆ ಹಿಡಿ ಸುತ್ತಿಸಿದೆ. ಅವರಲ್ಲಿ ಒಬ್ಬ ಮುದುಕ, 'ಇವತ್ತು ಭಾಳ ಜೋರ್ ಐತ್ರಿ, ಸ್ವಲ್ಪ ಕಡಿಮಿ ಮಾಡ್ರಿ' ಅಂದ. ಡಾಕ್ಟರು ಹೊರಗೆ ಹೋಗಿ ನಕ್ಕು ಬಂದರು. ಆ ಹೋಲಿಕೆ ಸೇರಿಸಿ ಕಳಿಸಿದ ಮೂರನೆಯ ಅರ್ಜಿಯೂ ವಾಪಸು ಬಂತು. ಅರ್ಜಿಯ ನಮೂನೆಯಲ್ಲಿ ಒಂದು ಕಲಂ ಇತ್ತು. ಈ ಕೆಲಸವನ್ನು ಬೇರೆಯವರು ಮಾಡಿದ್ದಾರೆಯೆ? ಮಾಡಿದ್ದರೆ ನೀವು ಮತ್ತೆ ಯಾಕೆ ಮಾಡಬೇಕು? ಮಾಡಿಲ್ಲದಿದ್ದರೆ, ಇದು ಆಗುವ ಕೆಲಸ ಎನ್ನಲು ಆಧಾರವೇನು? ನಿಮ್ಮ ತಲೆ! ಯಾವ ಕಡೆಯಿಂದ ಹೋದರೂ ಬಾಗಿಲು ಹಾಕಿತ್ತು.

ಆ ವರ್ಷಗಳಲ್ಲಿ ಸೊರಬದ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಜನರಿಗೂ ಅದೇ ಜ್ವರ. ದೊಡ್ಡ ದೊಡ್ಡ ಡಾಕ್ಟರುಗಳು ಜೀಪುಗಳಲ್ಲಿ ಬಂದು ಹೋಗುತ್ತಿದ್ದರು. ಜ್ವರದ ಮೇಲೆ ಅರ್ಜಿ ಹಾಕಿ, ದುಡ್ಡು ಬರುತ್ತದೆ ಎಂದು ಕಾರ್ಯದರ್ಶಿ ಹೇಳಿದರು. ವಾಮನರಾಯರು, 'ನಂಗೆ ಗೊತ್ತಿರೋದು ಮೂಳೆ ಮಾರಾಯ್ರೆ, ಗೊತ್ತಿಲ್ಲದ್ದು ಬರದ್ರೆ ಎಂತ ಮರ್ಯಾದೆ?' ಅಂದರು. ಕರಾರಿನ ವರ್ಷ ಮುಗಿಯಲು ಐದು ತಿಂಗಳು ಉಳಿದಿತ್ತು.

ಆಗ ಮಾಳವ್ವ ಬಂದಳು.

ಉಡುತಡಿಯ ಕಡೆಯವಳು. ಕುರಿ ಸಾಕುವ ಮನೆತನ. ವಯಸ್ಸು ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಅಣ್ಣ ಬೀರಪ್ಪ ಕರೆದುಕೊಂಡು ಬಂದಿದ್ದ. ಬಲಭುಜ ಸೆಟೆದು ಕೈ ಮೇಲೆ ಏಳುತ್ತಿರಲಿಲ್ಲ. ಕಂಬಳಿಗೆ ಉಣ್ಣೆ ನೂಲುವ ಕೈ ಅದು. ಡಾಕ್ಟರು ಅವಳನ್ನೇ ಏನೋ ಕೇಳಿದರೆ ಬೀರಪ್ಪ ಅಡ್ಡ ಬಂದ.

'ಆಕಿಗೆ ಕೇಳಂಗಿಲ್ರಿ. ಐದು ವರ್ಷದಾಕಿ ಇದ್ದಾಗ ಜ್ವರ ಬಂದು ಕಿವಿ ಹೋದ್ವು.'

'ಮಾತು?'

'ಮಾತು ಅದಾವ್ರಿ. ಐದು ವರ್ಷದ ಹುಡುಗಿ ಎಷ್ಟು ಆಡ್ತಾಳೋ ಅಷ್ಟು. ಮುಂದ ಬೆಳೀಲಿಲ್ಲ. ಈಗ ಅದನ್ನೂ ಆಡಂಗಿಲ್ಲ.'

ಒಂದು ಗಂಟೆಗೆ ಗಿರಣಿ ನಿಂತಿತು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಭುಜಕ್ಕೆ ಎಣ್ಣೆ ಹಚ್ಚಿ, ಸಣ್ಣ ಗೆರೆಗೆ ಡಯಲು ಇಟ್ಟು ಹಿಡಿ ಸುತ್ತಿಸಿದೆ. ಭುಜದ ಕೀಲು ಮುಗಿಸಿ ಕೊರಳ ಎಲುಬಿನ ಹತ್ತಿರ ಬಂದಾಗ ಅವಳು ಬೆನ್ನು ನೆಟ್ಟಗೆ ಮಾಡಿದಳು. ಆಮೇಲೆ ಮೆಲ್ಲಗೆ ಹಿಂದೆ ತಿರುಗಿ ನೋಡಿದಳು. ಯಾರೋ ಹಿಂದೆ ಬಂದು ನಿಂತರೆ ನೋಡುತ್ತೇವಲ್ಲ, ಹಾಗೆ. ನಾನೂ ನೋಡಿದೆ. ಗೋಡೆ ಇತ್ತು. ಅವಳು ಬಾಗಿಲು ನೋಡಿದಳು, ಮೇಜಿನ ಕೆಳಗೆ ನೋಡಿದಳು. ಮುಖ ಅರಳಿತು.

'ಅವ್ವ,' ಅಂದಳು. 'ಅವ್ವ ಬೀಸಾಕತ್ಯಾಳ.'

ಅದು ಐದು ವರ್ಷದ ಮಗುವಿನ ರಾಗ, ಅದೇ ತೊದಲು. ಮೂವತ್ತು ವರ್ಷದ ಹೆಂಗಸಿನ ಗಂಟಲಿನಿಂದ ಬಂತು. ಬೀರಪ್ಪ ಬಾಗಿಲು ಬಿಟ್ಟು ಅವಳ ಮುಂದೆ ಬಂದು ಕೂತ.

'ನಮ್ಮವ್ವ ಸತ್ತು ಹನ್ನೆರಡು ವರ್ಷ ಆತ್ರಿ,' ಅಂದ. 'ಸಣ್ಣಾಕಿ ಇದ್ದಾಗ ಅವ್ವ ಬೀಸುವಾಗ ಆಕಿ ತೊಡಿ ಮ್ಯಾಲೆ ತಲಿ ಇಟ್ಟು ಮಲಗ್ತಿದ್ಳು.'

ನಾನು ಸ್ವಿಚ್ಚು ತೆಗೆದೆ. ಅವಳ ಮುಖ ಬಾಡಿತು. ಹಾಕಿದೆ. ಮತ್ತೆ ಅರಳಿತು, ಎಡಗೈ ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ಬೀಸುಕಲ್ಲಿನ ಗೂಟ ಹಿಡಿದು ತಿರುಗಿತು. ಡಾಕ್ಟರು ಓಡಿ ಬಂದು ತಾವೇ ಹಾಕಿ ತೆಗೆದು ನೋಡಿದರು. ಅವಳೇ ನನ್ನ ಮುಂಗೈ ಹಿಡಿದು ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು. ಗಿರಣಿ ಮತ್ತೆ ಶುರುವಾಗುವವರೆಗೆ ಹಾಗೇ ಕೂತಿದ್ದಳು, ನಾನು ಪಕ್ಕದಲ್ಲಿ ನಿಂತಿದ್ದೆ. ನಮಗೆ ಯಾರಿಗೂ ಕೇಳಿಸದ ಶಬ್ದವನ್ನು ಒಬ್ಬ ಕಿವುಡಿ ಕೇಳುತ್ತಿದ್ದಳು.

ಯಾಕೆ ಹಾಗಾಯಿತು ಎಂಬುದಕ್ಕೆ ಎಷ್ಟೋ ವರ್ಷಗಳ ಮೇಲೆ ಒಬ್ಬ ಇಂಜಿನಿಯರು ಕಾರಣ ಹೇಳಿದರು. ಆ ಕಾಲದ ಯಂತ್ರಗಳಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಶಬ್ದದ ಬೆನ್ನೇರಿ ಎಲುಬಿನೊಳಗೆ ಹೋಗುತ್ತಿದ್ದಿರಬಹುದಂತೆ. ಇರಬಹುದು. ಆಗ ನಮಗೆ ಇದೇನೂ ತಿಳಿದಿರಲಿಲ್ಲ. ಡಾಕ್ಟರು ಅಂದೇ ಸಂಜೆ ಹೊಸ ಅರ್ಜಿ ಹೇಳಿ ಬರೆಸಿದರು. ಕೀಲುಗಳೆಲ್ಲ ಬಿಟ್ಟುಹೋದವು. ಕಿವುಡರಿಗೆ ಎಲುಬಿನ ಮೂಲಕ ಶಬ್ದ ಕೇಳಿಸುವುದು ಎಂಬುದೇ ವಿಷಯವಾಯಿತು. ಆ ದರಿದ್ರ ಕಲಂ ಬಂದಾಗ ಧೈರ್ಯವಾಗಿ, 'ಬೇರೆ ಯಾರೂ ಮಾಡಿದ್ದು ನಮಗೆ ತಿಳಿಯದು, ಆಧಾರ ನಮ್ಮ ರೋಗಿ' ಎಂದು ಬರೆಸಿದರು. 'ಇವತ್ತು ಬೀಸೋದು ಕೇಳ್ತು, ನಾಳೆ ಅಣ್ಣನ ಮಾತು ಕೇಳ್ಬಹುದು ಮಾರಾಯ' ಅಂದರು. ಅವರು ಮನಸ್ಸಿನಿಂದಲೇ ಅಂದರು. ನಾನೂ ನಂಬಿದೆ.

ಈ ಸಲ ಉತ್ತರ ಬೇಗ ಬಂತು. ಒಬ್ಬ ಪರೀಕ್ಷಕರು ಬೆಂಗಳೂರಿನಿಂದ ಬರುತ್ತಾರೆ, ಕಣ್ಣಾರೆ ನೋಡಿ ವರದಿ ಕೊಡುತ್ತಾರೆ, ಒಂದು ತಿಂಗಳು ಸಮಯವಿದೆ ಅಂತ.

ಇಲ್ಲಿಂದ ಮುಂದಿನದು ನಮ್ಮ ತಪ್ಪು. ನಮ್ಮಂಥವರೇ ಮಾಡಬಹುದಾದ ತಪ್ಪು. ನಮ್ಮ ಊರುಗಳಲ್ಲಿ ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಮೇಷ್ಟರು ಹದಿನೈದು ದಿನ ಮೊದಲೇ ಮಕ್ಕಳಿಗೆ ಉತ್ತರ ಉರು ಹೊಡೆಸುತ್ತಿದ್ದರು. ಬಯಲಾಟ ಆಡಬೇಕೆಂದರೆ ತಿಂಗಳುಗಟ್ಟಲೆ ತಾಲೀಮು. ನಾನು ಅದನ್ನೇ ಕಂಡು ಬೆಳೆದವನು. 'ಮಾಳವ್ವನಿಗೂ ತಾಲೀಮು ಬೇಕಲ್ಲ ಸಾರ್' ಅಂದೆ. ಬೆಂಗಳೂರಿನವರ ಮುಂದೆ ಹೆದರಿ ಸುಮ್ಮನೆ ಕೂತುಬಿಟ್ಟರೆ? ಡಾಕ್ಟರು ಒಪ್ಪಿದರು. ಅಣ್ಣ ತಂಗಿ ಜಗಲಿಯಲ್ಲೇ ಉಳಿದರು. ದಿನಕ್ಕೆ ಎರಡು ಸಲ ಕಿವಿಯ ಹಿಂದೆ ಹಿಡಿ ಇಟ್ಟು, ಶಬ್ದ ಬಂದರೆ ತೋರುಬೆರಳು ಎತ್ತು, ಹೋದರೆ ಇಳಿಸು ಎಂದು ಸನ್ನೆ ಮಾಡಿ ಕಲಿಸಿದೆ. ಭುಜವನ್ನು ಎಲ್ಲರೂ ಮರೆತೆವು. ಅವಳ ಕೈ ಮೇಲೇಳಿತೋ ಇಲ್ಲವೋ ಎಂದು ಆ ತಿಂಗಳು ಯಾರೂ ನೋಡಲಿಲ್ಲ.

ಎರಡು ಸಲ ಎಂದರೆ ಗಿರಣಿ ಓಡುವಾಗಲೂ ಯಂತ್ರ ನಡೆಸಬೇಕು. ಕರೆಂಟು ಎಳೆಯುತ್ತಿರಲಿಲ್ಲ, ಹನಿ ಕುಣಿಯುತ್ತಿರಲಿಲ್ಲ. ಹಾಗಾಗಿ ನಾನು ಡಯಲನ್ನು ಒಂದು ಗೆರೆಯಿಂದ ಎರಡಕ್ಕೆ, ಎರಡರಿಂದ ಕೊನೆಯವರೆಗೆ ತಿರುಗಿಸಿ ಹೇಗೋ ಕೆಲಸ ನಡೆಸುತ್ತಿದ್ದೆ. ಒಂದು ಬೆಳಿಗ್ಗೆ ಹಿಡಿ ಅವಳ ಕಿವಿಯ ಹಿಂದಿತ್ತು, ಡಯಲು ಕೊನೆಯ ಗೆರೆಯಲ್ಲಿತ್ತು. ಗಿರಣಿಯ ಬೆಲ್ಟೋ ಏನೋ ಕಿತ್ತುಹೋಗಿ ಅದು ಹೊತ್ತಿಲ್ಲದ ಹೊತ್ತಿನಲ್ಲಿ ನಿಂತುಬಿಟ್ಟಿತು. ಕರೆಂಟೆಲ್ಲ ಒಮ್ಮೆಲೇ ನಮ್ಮ ಕಡೆ ನುಗ್ಗಿ ತಲೆಯ ಮೇಲಿನ ಬಲ್ಬು ಝಗ್ಗನೆ ಬೆಳ್ಳಗಾಯಿತು. ಮಾಳವ್ವ ಒಮ್ಮೆ ಚೀರಿ ಸ್ಟೂಲಿನಿಂದ ಕೆಳಗೆ ಬಿದ್ದಳು.

ಎಬ್ಬಿಸಿ ನೀರು ಕೊಟ್ಟೆ. ಗಾಯವೇನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡಳು. ಡಾಕ್ಟರು ಅಂದು ಸೊರಬಕ್ಕೆ ಹೋಗಿದ್ದರು. ಬಂದ ಮೇಲೆ ಹೇಳೋಣ ಎಂದುಕೊಂಡೆ. ಹೇಳಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಬೀರಪ್ಪ ನನ್ನ ಟೈಪ್ ಮೇಜಿನ ಹತ್ತಿರ ಬಂದು ನಿಂತ.

'ಹಾಲೇಶಪ್ಪಾರ, ಆಕಿ ನಿದ್ದಿ ಮಾಡವಲ್ಲಳು. ಮಿಷನ್ ಹಚ್ಚದಿದ್ರೂ ಅವ್ವ ಬೀಸಾಕತ್ಯಾಳ ಅಂತಾಳ. ನಸುಕಿನ್ಯಾಗ ಎದ್ದು ಚಪ್ಪರದಾಗಿನ ಬೀಸುಕಲ್ಲಿನ ಮ್ಯಾಲೆ ಅಂಗೈ ಇಟ್ಟು ಕುಂದ್ರುತಾಳ. ತಿರುಗತೈತೋ ಇಲ್ಲೋ ನೋಡಾಕ.'

ನಾನು ಏನು ಹೇಳಿದೆ ಗೊತ್ತೇ? 'ಒಳ್ಳೇದೇ ಆತಲ್ಲೋ ಬೀರಪ್ಪ, ಔಷಧ ಹಿಡೀತು ಅಂತ ಅರ್ಥ' ಅಂದೆ. ಬೆನ್ನು ತಟ್ಟಿ ಕಳಿಸಿದೆ. ಪರೀಕ್ಷಕರಿಗೆ ಕೊಡಲು ಟಿಪ್ಪಣಿ ಟೈಪು ಮಾಡುತ್ತಿದ್ದೆನಲ್ಲ, ಅದರಲ್ಲೇ ಒಂದು ಸಾಲು ಸೇರಿಸಿದೆ. ಚಿಕಿತ್ಸೆ ನಿಲ್ಲಿಸಿದ ಮೇಲೂ ಪರಿಣಾಮ ಉಳಿಯುತ್ತದೆ, ಎಂದು. ಡಾಕ್ಟರು ಓದಿ ಖುಷಿಪಟ್ಟರು. ಈ ಸಾಲನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಪರೀಕ್ಷಕರು ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಕನ್ನಡಕ ಒರೆಸುವುದು ಜಾಸ್ತಿ. ಗಿರಣಿ ನಿಂತ ಮೇಲೆ ಪರೀಕ್ಷೆ ಶುರುವಾಯಿತು. ನಾನು ಮಾಳವ್ವನ ಪಕ್ಕದಲ್ಲಿ ನಿಂತು ಹಿಡಿ ಹಿಡಿದಿದ್ದೆ. ಅವರು ಅವಳ ಬೆನ್ನ ಹಿಂದೆ ಪೆಟ್ಟಿಗೆಯ ಹತ್ತಿರ ಕೂತು ಸ್ವಿಚ್ಚು ಹಾಕುವುದು ತೆಗೆಯುವುದು ಮಾಡಿದರು. ಹಾಕಿದಾಗಲೆಲ್ಲ ಬೆರಳು ಎದ್ದಿತು, ತೆಗೆದಾಗಲೆಲ್ಲ ಇಳಿಯಿತು. ಒಂದೂ ತಪ್ಪಲಿಲ್ಲ. ಡಾಕ್ಟರು ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು.

ಪರೀಕ್ಷಕರು ಎದ್ದು ಬಂದರು. 'ಮಿಸ್ಟರ್ ಹಾಲೇಶಪ್ಪ, ಹಿಡಿ ನನಗೆ ಕೊಡಿ. ನೀವು ಅವರ ಹಿಂದೆ ಹೋಗಿ ನಿಂತುಕೊಳ್ಳಿ.'

ಅಲ್ಲಿಯವರೆಗೆ ಮಾಳವ್ವ ನನ್ನ ಮುಖ ನೋಡುತ್ತಿದ್ದಳು ಎಂಬುದು ನನಗೆ ಆಗ ಹೊಳೆಯಿತು. ಪೆಟ್ಟಿಗೆ ನನಗೆ ಕಾಣುತ್ತಿತ್ತು, ಸ್ವಿಚ್ಚು ಒತ್ತಿದಾಗ ನನ್ನ ಹುಬ್ಬು ಏಳುತ್ತಿತ್ತು. ಒಂದು ತಿಂಗಳು ತಾಲೀಮು ಮಾಡಿಸಿದ ಮೇಷ್ಟರ ಹುಬ್ಬು. ಅವಳು ಅದನ್ನು ಓದುತ್ತಿದ್ದಳು, ನಮ್ಮನ್ನು ಮೆಚ್ಚಿಸಬೇಕೆಂದು. ನಾನು ಹಿಂದೆ ಹೋಗಿ ನಿಂತೆ. ಅವಳ ಬೆರಳು ಮೇಲಿತ್ತು. ಪರೀಕ್ಷಕರು ಸ್ವಿಚ್ಚು ತೆಗೆಯಲು ನನಗೆ ಸನ್ನೆ ಮಾಡಿದರು. ತೆಗೆದೆ. ಬೆರಳು ಇಳಿಯಲಿಲ್ಲ. ಅವರೇ ಬಂದು ಗೋಡೆಯಿಂದ ಪ್ಲಗ್ಗು ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತರು.

ಗಿರಣಿ ಇಲ್ಲ, ಗಾಳಿ ಇಲ್ಲ. ಕಿಟಕಿಯ ಆಚೆ ಬಿಸಿಲು ಬಿದ್ದಿತ್ತು. ಐದು ಜನ ಇದ್ದೆವು, ಯಾರೂ ಅಲ್ಲಾಡಲಿಲ್ಲ. ಆ ಬೆರಳು ಹಾಗೇ ನಿಂತಿತ್ತು. ಎಷ್ಟು ಹೊತ್ತು ಅಂತ ಹೇಳಲಾರೆ. ಕೊನೆಗೆ ಅವಳಿಗೇ ಕೈ ಸೋತು, ಎಡಗೈಯಿಂದ ಬಲಗೈಗೆ ಆಧಾರ ಕೊಟ್ಟುಕೊಂಡು ಬೆರಳು ಎತ್ತಿ ಹಿಡಿದಳು. ಆದರೂ ಇಳಿಸಲಿಲ್ಲ.

'ಅವ್ವ ಬೀಸಾಕತ್ಯಾಳ,' ಅಂದಳು. ಈ ಸಲ ಆ ದನಿಯಲ್ಲಿ ಸಂತೋಷ ಇರಲಿಲ್ಲ.

'ಎಷ್ಟು ದಿನದಿಂದ ಹೀಗೆ?' ಎಂದು ಪರೀಕ್ಷಕರು ಕೇಳಿದರು. ಬೀರಪ್ಪ ಒಮ್ಮೆ ನನ್ನನ್ನು ನೋಡಿ, ಅವಳು ನಿದ್ದೆ ಬಿಟ್ಟದ್ದು, ನಸುಕಿನಲ್ಲಿ ಬೀಸುಕಲ್ಲು ಮುಟ್ಟುವುದು ಎಲ್ಲ ಹೇಳಿದ. ಅವನು ಹೇಳಿದ್ದನ್ನು ನಾನು ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ಪರೀಕ್ಷಕರು ಎಲ್ಲ ಬರೆದುಕೊಂಡು ಕನ್ನಡಕ ಒರೆಸಿಕೊಂಡು, 'ವೆರಿ ಇಂಟರೆಸ್ಟಿಂಗ್' ಎಂದು ಹೊರಟರು.

ಇನ್ನು ಈ ಅರ್ಜಿಯೂ ಹೋಯಿತು ಎಂದೇ ತಿಳಿದಿದ್ದೆವು. ಮೂರು ವಾರಕ್ಕೆ ಲಕೋಟೆ ಬಂತು. ಮಂಜೂರಾಗಿತ್ತು! ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದರು. ಬೆರಳು ಎತ್ತುವ ಪರೀಕ್ಷೆ ಅವರಿಗೆ ಬೇಕಿರಲಿಲ್ಲ. ಯಂತ್ರ ನಿಂತ ಮೇಲೂ ನಿಲ್ಲದ ಆ ಶಬ್ದ ಅವರಿಗೆ ಬೇಕಾಗಿತ್ತು. ಒಂದೇ ಷರತ್ತು. ಇದೇ ರೋಗಿಯ ಮೇಲೆ, ಪ್ರಮಾಣವನ್ನು ಹಂತ ಹಂತವಾಗಿ ಏರಿಸುತ್ತಾ ಆರು ತಿಂಗಳು ಮುಂದುವರಿಸಬೇಕು.

ಕಾರ್ಯದರ್ಶಿಗಳು ಸಕ್ಕರೆ ಹಂಚಿದರು. ನನಗೆ ಬಾಯಿಗೆ ಹಾಕಲು ಆಗಲಿಲ್ಲ. ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಮುಚ್ಚಿ, ಗಿರಣಿ ನಿಂತ ಬೆಳಗಿನ ವಿಷಯ ಎಲ್ಲ ಹೇಳಿದೆ. ಡಯಲು ಎಲ್ಲಿತ್ತು, ಅವಳು ಹೇಗೆ ಬಿದ್ದಳು, ಬೀರಪ್ಪ ಏನಂದ, ನಾನು ಏನು ಟೈಪು ಮಾಡಿದೆ. ಬೈಯುತ್ತಾರೆ, ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಲಕೋಟೆಯನ್ನು ಮೇಜಿನ ಮೇಲೆ ಇಟ್ಟರು.

'ಕೊನೇ ಗೆರೆ ಅಂದ್ಯಾ?'

'ಹೌದು ಸಾರ್.'

'ಭುಜ ತೋರಿಸಾಕೆ ಬಂದೋಳು ಮಾರಾಯ ಅವ್ಳು,' ಅಂದರು. 'ಕಿವಿ ಕೊಡಿ ಅಂತ ಅವ್ಳು ನಮ್ಮನ್ನ ಕೇಳಿದ್ಲಾ? ನೀನು ಡಯಲ್ ತಿರುಗಿಸ್ದೆ ಸರಿ. ಅರ್ಜಿಗೆ ಸಹಿ ಹಾಕಿದ್ದು ನಾನು.'

ಅವರು ಬೀರಪ್ಪನನ್ನು ಕರೆಸಿ ಇದ್ದದ್ದು ಇದ್ದ ಹಾಗೆ ಹೇಳಿದರು. ಅವನು ಕೇಳಿದ್ದು ಒಂದೇ ಮಾತು, 'ಇನ್ನೊಮ್ಮೆ ಹಚ್ಚಿದ್ರ ನಿಲ್ತೈತೇನ್ರಿ?' ಡಾಕ್ಟರು ತಲೆ ತಗ್ಗಿಸಿ, 'ಗೊತ್ತಿಲ್ಲಪ್ಪ. ಇನ್ನೂ ಜಾಸ್ತಿ ಆದ್ರೂ ಆಗ್ಬಹುದು' ಅಂದರು. ಬೀರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ತಂಗಿಯ ಕೈ ಹಿಡಿದು ಬಸ್ಸಿಗೆ ಹೊರಟ. ಅಂದು ಮಧ್ಯಾಹ್ನ ಡಾಕ್ಟರು ಹೇಳಿ ಬರೆಸಿದ ಕಾಗದ ನಾನು ಟೈಪು ಮಾಡಿದ ಕಾಗದಗಳಲ್ಲೆಲ್ಲ ಸಣ್ಣದು. ಅನುದಾನ ಬೇಡ, ರೋಗಿಗೆ ನಮ್ಮಿಂದ ಹಾನಿಯಾಗಿದೆ, ಎಂದು ಎರಡು ಸಾಲು. ಕಾರ್ಯದರ್ಶಿ ಕೂಗಾಡಿದರು. ವ್ಯಾಪಾರಿ ಬಂದು ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿ ತೆಗೆದುಕೊಂಡು ಹೋದ.

ಆಮೇಲೆ ನಾನು ಬೇರೆ ಆಸ್ಪತ್ರೆಗಳಲ್ಲಿ ಬೇರೆ ಯಂತ್ರಗಳನ್ನು ನಡೆಸಿದೆ, ಬೇರೆ ಅರ್ಜಿಗಳನ್ನೂ ಬರೆದೆ. ಅದೆಲ್ಲ ಬಿಡಿ. ಆ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಮನಸ್ಸು ತಡೆಯದೆ ಉಡುತಡಿಯ ಕಡೆಗೆ ಹೋದೆ. ಬಳ್ಳಿಗಾವಿಯಲ್ಲಿ ಬಸ್ಸು ಇಳಿದು ದಾರಿ ಕೇಳುತ್ತಾ ನಡೆದೆ. ಬೀರಪ್ಪನ ಮನೆ ಸಿಕ್ಕಿತು. ಅವನು ಬೈಯಲಿಲ್ಲ. ಕಂಬಳಿ ಹಾಸಿದ, ಮಜ್ಜಿಗೆ ಕೊಟ್ಟ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾಳವ್ವ ಪಡಸಾಲೆಯ ಮೂಲೆಯಲ್ಲಿ ಕೂತಿದ್ದಳು. ತೀರಾ ಇಳಿದುಹೋಗಿದ್ದಳು, ಕಣ್ಣ ಸುತ್ತ ಕಪ್ಪಾಗಿತ್ತು. ಎದುರಿಗೆ ಅವರ ತಾಯಿಯ ಬೀಸುಕಲ್ಲು. ಕೆಳಗಿನ ಕಲ್ಲು ಮಾತ್ರ ನೆಲದಲ್ಲಿತ್ತು, ಮೇಲಿನದು ಬೇರೆಯಾಗಿ ಗೋಡೆಗೆ ಆತುಕೊಂಡಿತ್ತು.

'ನಾನೇ ತೆಗೆದಿಟ್ಟೀನ್ರಿ,' ಅಂದ ಬೀರಪ್ಪ. 'ನೋಡು, ಯಾರೂ ಬೀಸವಲ್ರು ಅಂತ ತಿಳೀಲಿ ಅಂತ. ಎರಡೂ ಕಲ್ಲು ಮುಟ್ಟಿ ನೋಡ್ತಾಳ. ಆದ್ರೂ ನಂಬಂಗಿಲ್ಲ.'

ಮಾಳವ್ವ ನನ್ನನ್ನು ಗುರುತಿಸಿದಳು. ಸಿಟ್ಟು ಮಾಡಲಿಲ್ಲ. ಎದ್ದು ಬಂದು ನನ್ನ ಮುಂಗೈ ಹಿಡಿದಳು, ಅದೇ ಹಿಡಿತ. ಕಲ್ಲಿನ ಹತ್ತಿರ ಎಳೆದುಕೊಂಡು ಹೋಗಿ ಕೂರಿಸಿದಳು. ಕಲ್ಲಿನ ಆಚೆ ಕಡೆ, ಬೀಸುವವರು ಕೂರುವ ಜಾಗ ತೋರಿಸಿದಳು. ಅಲ್ಲಿ ಬರಿಯ ನೆಲ ಇತ್ತು.

'ಅವ್ವಗ ಸಾಕು ಅನ್ನು,' ಅಂದಳು. 'ಅವ್ವನ ಕೈ ಸೋತಾವು.'

ಆ ಶಬ್ದವನ್ನು ಶುರುಮಾಡಿದವನು ನಾನು, ನಿಲ್ಲಿಸುವುದೂ ನನ್ನ ಕೈಯಲ್ಲಿದೆ ಎಂದು ಅವಳು ನಂಬಿದ್ದಳು. ನಾನು ಬೀರಪ್ಪನ ಕಡೆ ನೋಡಿದೆ, ಅವನು ಮುಖ ತಿರುಗಿಸಿಕೊಂಡಿದ್ದ. ನನಗೆ ಬೇರೇನೂ ತೋಚಲಿಲ್ಲ. ಆ ಬರಿಯ ನೆಲಕ್ಕೆ ಕೈ ಮುಗಿದೆ.

'ಯವ್ವಾ, ಸಾಕು ಮಾಡಬೇ,' ಅಂದೆ. 'ತಪ್ಪಾತು. ಸಾಕು ಮಾಡು.'

ಮಾಳವ್ವ ನನ್ನ ತುಟಿಗಳನ್ನು ನೋಡಿದಳು, ಆಮೇಲೆ ಆ ಜಾಗವನ್ನು ನೋಡಿದಳು. ಕೊರಳು ಒಂದು ಪಕ್ಕಕ್ಕೆ ವಾಲಿಸಿ ಬಹಳ ಹೊತ್ತು ಕಾದಳು. ನಾನೂ ಕಾದೆ, ದೇವರಾಣೆ, ನಿಲ್ಲುತ್ತದೆ ಎಂದೇ ಕಾದೆ. ಕೊನೆಗೆ ಅವಳು ನನ್ನ ಕಡೆ ತಿರುಗಿ, ನನಗೇ ಸಮಾಧಾನ ಹೇಳುವ ಹಾಗೆ ನನ್ನ ಕೈ ಸವರಿದಳು.

'ಬಿಡವಲ್ಲಳು,' ಅಂದಳು.